ಗೋಡೆಗೇರಿದ ಚಕ್ಕಡಿ ಗಾಲಿ

ಈಚಿನ ಹತ್ತು ಹದಿನೈದು ವರ್ಷಗಳಿಂದ ಮನೆ ಕಟ್ಟಿಸುವವರಲ್ಲಿ ಹೊಸದೊಂದು ಹಂಬಲ ಕಾಣಿಸಿಕೊಂಡಿದೆ. ಉಳಿದ ಕೋಣೆಗಳು ಹೇಗೇ ಇರಲಿ, ಊಟದ ಕೋಣೆಯೊಂದು ಮಾತ್ರ ಹಳ್ಳಿಯ ಒಕ್ಕಲು ಮನೆಯಂತಿರಬೇಕು ಎಂಬುದು ಆ ಹಂಬಲ. ಒಳಾಂಗಣ ವಿನ್ಯಾಸಕಾರರು ಇದಕ್ಕೆ 'ರಸ್ಟಿಕ್ ಫಾರ್ಮ್‌ಹೌಸ್ ಶೈಲಿ' ಎನ್ನುತ್ತಾರೆ. ಗಿಲಾವು ಕಾಣದ ಇಟ್ಟಿಗೆಯ ಗೋಡೆ, ಅಥವಾ ಇಟ್ಟಿಗೆಯಂತೆ ಕಾಣುವ ಕಾಗದ ಅಂಟಿಸಿದ ಗೋಡೆ. ಬೇಕೆಂದೇ ಉಜ್ಜಿ, ಗೀರಿ, ಹಳತು ಮಾಡಿದ ಮರದ ಮೇಜು. ಅದರ ಮೇಲೆ ಬಿದಿರಿನ ಬುಟ್ಟಿ. ಸೂರಿನಿಂದ ಇಳಿಬಿಟ್ಟ, ಒಳಗೆ ಬಲ್ಬು ಉರಿಯುವ ಲಾಟೀನು. ಮೂಲೆಯಲ್ಲಿ ಎಂದೂ ನೀರು ಕಾಣದ ಮಣ್ಣಿನ ಕೊಡ. ಎದುರು ಗೋಡೆಯ ಮೇಲೆ ಚಕ್ಕಡಿಯ ಒಂದು ಗಾಲಿ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೇರು ಬಿಟ್ಟ ಈ ಅಭಿರುಚಿ ಹುಬ್ಬಳ್ಳಿ, ಗದಗಗಳ ಬಡಾವಣೆಗಳನ್ನು ದಾಟಿ ಗಜೇಂದ್ರಗಡದಂತಹ ಊರಿನ ಬಾಗಿಲನ್ನೂ ತಟ್ಟುತ್ತಿದೆ. ಗುಡ್ಡದ ಮೇಲಿನ ಕೋಟೆ, ಕಾಲಕಾಲೇಶ್ವರನ ಜಾತ್ರೆ, ಕೈಮಗ್ಗ, ಈಚೆಗೆ ಗುಡ್ಡದ ನೆತ್ತಿಯ ಗಾಳಿಯಂತ್ರಗಳು - ಇವುಗಳಿಂದ ಹೆಸರಾದ ಊರದು. ಅಲ್ಲಿಂದ ಯಾವ ದಿಕ್ಕಿಗೆ ಒಂದು ಹರದಾರಿ ನಡೆದರೂ ಹಳ್ಳಿ ಸಿಗುತ್ತದೆ. ಹೀಗಿರುವಾಗ ಹಳ್ಳಿಯನ್ನು ದುಡ್ಡು ಕೊಟ್ಟು ತಂದು ಗೋಡೆಗೆ ಮೊಳೆ ಹೊಡೆದು ತೂಗುಹಾಕುವುದೆಂದರೇನು?

ಇದನ್ನು ಉಳ್ಳವರ ಷೋಕಿ ಎಂದು ನಕ್ಕು ಸುಮ್ಮನಾಗಬಹುದು. ನಮಗೆ ಹಾಗೆ ಸುಮ್ಮನಾಗಲು ಮನಸ್ಸು ಬರುವುದಿಲ್ಲ. ಮಲಗುವ ಕೋಣೆಯನ್ನೋ ಟಿವಿ ಇಡುವ ಕೋಣೆಯನ್ನೋ ಹೇಗೆ ಸಿಂಗರಿಸಿದರೂ ಅದು ಆಯಾ ಮನೆಯವರ ಮರ್ಜಿ. ಉಣ್ಣುವ ಜಾಗದ ಮಾತು ಬೇರೆ. ಯಾರು ಯಾರ ಪಕ್ಕ ಕೂತು ಉಣ್ಣಬೇಕು, ಯಾರು ಎಲ್ಲಿ ಕೂತು ಉಣ್ಣಬಾರದು ಎಂಬುದರ ಮೇಲೆಯೇ ನಮ್ಮ ಸಮಾಜ ಶತಮಾನಗಳಿಂದ ನಿಂತಿದೆ. ಆದ್ದರಿಂದ ಹಳ್ಳಿಯ ಊಟದ ಕೋಣೆ ಎಂದು ಯಾರಾದರೂ ಹೇಳಿದಾಗ, ಯಾವ ಹಳ್ಳಿ, ಯಾರ ಮನೆ, ಯಾವ ಕೋಣೆ ಎಂದು ಕೇಳುವುದು ಕೊಂಕಲ್ಲ.

ಮೊದಲು 'ಫಾರ್ಮ್‌ಹೌಸ್' ಎಂಬ ಶಬ್ದವನ್ನೇ ನೋಡೋಣ. ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಒಕ್ಕಲಿಗರು ಹೊಲದ ನಡುವೆ ಮನೆ ಕಟ್ಟಿ ಬಾಳಿದವರಲ್ಲ. ಎರೆನೆಲದಲ್ಲಿ ಮಳೆಗಾಲಕ್ಕೆ ಕಾಲಿಡುವುದೇ ಕಷ್ಟ; ನೀರಿನ ಸೆಲೆಯೂ ಎಲ್ಲೆಂದರಲ್ಲಿ ಸಿಗುವುದಿಲ್ಲ. ಹೀಗಾಗಿ ಮನೆಗಳೆಲ್ಲ ಊರೊಳಗೆ ಒಂದಕ್ಕೊಂದು ಗೋಡೆ ಹಂಚಿಕೊಂಡು ನಿಂತವು, ಹೊಲಗಳು ಊರಾಚೆ ಉಳಿದವು. ಹೊಲದಲ್ಲಿ ಹೆಚ್ಚೆಂದರೆ ಬೆಳೆ ಕಾಯಲು ಒಂದು ಗುಡಿಸಲು. ಇಂದು ನಮ್ಮ ಭಾಷೆಯಲ್ಲಿ 'ಫಾರ್ಮ್‌ಹೌಸ್' ಅಂದರೆ ಬೇರೆಯೇ ಚಿತ್ರ ಕಣ್ಣಿಗೆ ಬರುತ್ತದೆ: ಊರ ಹೊರಗೆ ಎತ್ತರದ ಕಾಂಪೌಂಡು, ಗೇಟಿನಲ್ಲಿ ಕಾವಲುಗಾರ, ಶನಿವಾರ ಸಂಜೆ ಬರುವ ಕಾರು, ಚುನಾವಣೆಯ ಹೊತ್ತಿನಲ್ಲಿ ಒಳಗೊಳಗೇ ನಡೆಯುವ ಮಾತುಕತೆ. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಇದ್ದ ಅಡ್ಡಿಯನ್ನು ತೆಗೆದ ಮೇಲೆ ಈ ಅರ್ಥ ಇನ್ನೂ ಗಟ್ಟಿಯಾಯಿತು. ಉಳುವವನಿಗೆ ಸಂಬಂಧವೇ ಇಲ್ಲದ ಮನೆಗೆ ಬೇಸಾಯದ ಹೆಸರು!

ಹಾಗಾದರೆ ಈ ಸೀಮೆಯ ನಿಜವಾದ ಒಕ್ಕಲು ಮನೆ ಹೇಗಿತ್ತು? ಕಲ್ಲು ಮಣ್ಣಿನ ದಪ್ಪ ಗೋಡೆ, ಕಟ್ಟಿಗೆಯ ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಎಲ್ಲಕ್ಕಿಂತ ಮೇಲೆ ಮಣ್ಣು ಹಾಸಿ ಬಡಿದ ಮೇಲ್ಮುದ್ದೆ. ಮನೆಯ ದೊಡ್ಡಸ್ತಿಕೆಯನ್ನು ಕೋಣೆಗಳಿಂದಲ್ಲ, ಅಂಕಣಗಳಿಂದ ಎಣಿಸುತ್ತಿದ್ದರು. ತಲೆಬಾಗಿಲು ದಾಟಿದರೆ ಮೊದಲು ಸಿಗುತ್ತಿದ್ದುದು ದನಗಳು. ಎತ್ತು, ಎಮ್ಮೆ ಕಟ್ಟುವ ಅಂಕಣ ತುಸು ತಗ್ಗಿನಲ್ಲಿ, ಪಕ್ಕದಲ್ಲೇ ಗೋದಲಿ. ಅದಕ್ಕಿಂತ ಮೊಳದೆತ್ತರದಲ್ಲಿ ಮನುಷ್ಯರ ಪಡಸಾಲೆ. ಒಳಗೆ ಅಡುಗೆಮನೆಯಲ್ಲಿ ಒಲೆ, ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿದ ಅಡಕಲ ಗಡಿಗೆಗಳು, ಹಾಲು ಮೊಸರಿಗೆ ಬೆಕ್ಕು ಎಟುಕದಂತೆ ತೂಗುಹಾಕಿದ ನೆಲುವು. ಜೋಳ ತುಂಬಲು ನೆಲದಡಿ ತೋಡಿದ ಹಗೇವು. ಹಿಂದೂಗಳದಾಗಲಿ ಮುಸ್ಲಿಮರದಾಗಲಿ, ಒಕ್ಕಲುತನದ ಮನೆಯಾದರೆ ಕಟ್ಟಡ ಹೆಚ್ಚುಕಡಿಮೆ ಒಂದೇ. ಒಳಗಿನ ದೇವರ ಮಾಡವೋ ಜಾನಮಾಜಿನ ಜಾಗವೋ ವ್ಯತ್ಯಾಸ ಹೇಳುತ್ತಿತ್ತೇ ಹೊರತು ಕಂಬ, ತೊಲೆ, ಗೋದಲಿಗಳಲ್ಲ.

ಈ ಮನೆಯಲ್ಲಿ ಎಷ್ಟು ಹುಡುಕಿದರೂ ಸಿಗದ ಒಂದು ಜಾಗವೆಂದರೆ ಊಟದ ಕೋಣೆ! ಊಟಕ್ಕೆಂದೇ ಜಾಗ ಮೀಸಲಿಡುವುದು ಒಕ್ಕಲುತನದ ಮನೆಗೆ ಕೈಗೂಡುವ ಮಾತಾಗಿರಲಿಲ್ಲ. ಬೆಳಿಗ್ಗೆ ಬೀಜ ಹಸನು ಮಾಡಿದ ಪಡಸಾಲೆಯಲ್ಲೇ ಮಧ್ಯಾಹ್ನ ಉಣ್ಣುವುದು, ಅಲ್ಲೇ ರಾತ್ರಿ ಕಂಬಳಿ ಹಾಸಿ ಮಲಗುವುದು. ಉಣ್ಣುವಾಗ ಮೊಳದಳತೆಯಲ್ಲಿ ಎತ್ತಿನ ಉಸಿರು ಕೇಳುತ್ತಿತ್ತು, ಗಂಜಲದ ವಾಸನೆ ಇರುತ್ತಿತ್ತು. ವಿನ್ಯಾಸಕಾರರು ನಿಜಕ್ಕೂ ಶೈಲಿಗೆ ನಿಷ್ಠರಾಗಿದ್ದರೆ ಮೇಜಿನ ಪಕ್ಕದಲ್ಲಿ ಒಂದು ಎಮ್ಮೆಯನ್ನಾದರೂ ಕಟ್ಟಬೇಕಿತ್ತು. ಎಂದೂ ಇಲ್ಲದ ಕೋಣೆಯೊಂದನ್ನು ಕಟ್ಟಿ, ಅದಕ್ಕೆ ಇದ್ದದ್ದರ ಹೆಸರಿಡುವುದು ಈ ಶೈಲಿಯ ಮೊದಲ ವಿಸ್ಮೃತಿ.

ಎರಡನೆಯದು ಇದಕ್ಕಿಂತ ಆಳದ್ದು. ಕೋಣೆ ಇರಲಿಲ್ಲವಾದರೂ ಊಟಕ್ಕೆ ಜಾಗಗಳಿದ್ದವು, ಮತ್ತು ಆ ಜಾಗಗಳಿಗೆ ಬಿಗಿಯಾದ ಕಟ್ಟಳೆ ಇತ್ತು. ಮನೆಯ ಯಜಮಾನ ಪಡಸಾಲೆಯಲ್ಲಿ, ಮಣೆಯ ಮೇಲೆ. ಗಂಡುಮಕ್ಕಳು ಅವನ ನಂತರ ಅಥವಾ ಜೊತೆಗೆ. ಸಂಬಳದ ಆಳು ದನಗಳ ಅಂಕಣದಲ್ಲಿ ಅಥವಾ ಹೊರಕಟ್ಟೆಯ ಮೇಲೆ. ದಲಿತ ಆಳಾದರೆ ಹಿತ್ತಲಿನಲ್ಲಿ, ತಾನೇ ತೊಳೆದಿಟ್ಟುಕೊಳ್ಳಬೇಕಾದ ಬೇರೆಯ ತಾಟಿನಲ್ಲಿ. ರೊಟ್ಟಿ ಮೇಲಿನಿಂದ ಕೈಗೆ ಬೀಳುತ್ತಿತ್ತು. ರೊಟ್ಟಿ ಬಡಿದ ಹೆಂಗಸು ಎಲ್ಲರೂ ಎದ್ದ ಮೇಲೆ, ಒಲೆಯ ಮುಂದೆಯೇ, ಉಳಿದ ಪಲ್ಯದ ತಳ ಕೆರೆದುಕೊಂಡು ಉಣ್ಣುತ್ತಿದ್ದಳು. ಹೊಗೆ ಹಿಡಿದ ಕರಿಗೋಡೆ ಅವಳ ಕಣ್ಣಿಗೂ ಎದೆಗೂ ಏನು ಮಾಡಿತು ಎಂಬುದು ಈಗ ಅದೇ ಕಪ್ಪು ಬಣ್ಣವನ್ನು ಡಬ್ಬಿಯಲ್ಲಿ ಕೊಂಡು ಬಳಿಯುವವರಿಗೆ ನೆನಪಾಗುವುದಿಲ್ಲ.

ಇಲ್ಲಿ ನಮ್ಮ ಮನೆಗಳ ಮಾತನ್ನೂ ಆಡಬೇಕು. ದಸ್ತರಖಾನದ ಬಗ್ಗೆ ಮುಸ್ಲಿಮರಾದ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನೆಲದ ಮೇಲೆ ಒಂದೇ ಬಟ್ಟೆ ಹಾಸಿ, ಒಡೆಯನೂ ಆಳೂ ಒಂದೇ ತಾಟಿಗೆ ಕೈ ಹಾಕುವುದು ನಮ್ಮ ಪದ್ಧತಿ ಎನ್ನುತ್ತೇವೆ. ಈ ಹೆಮ್ಮೆಗೆ ಆಧಾರವಿದೆ. ಉರುಸಿನ ಕಂದೂರಿಯಲ್ಲೋ ಮದುವೆಯ ಚಪ್ಪರದಲ್ಲೋ ಯಾರು ಪಕ್ಕದಲ್ಲಿ ಕೂತರೆಂದು ಕೇಳದೆ ಉಣ್ಣುವ ರೂಢಿ ಈ ಸೀಮೆಯಲ್ಲಿ ಬೇರೆಯವರಿಗೂ ಒಂದು ಉಸಿರಾಡುವ ಜಾಗ ಕೊಟ್ಟಿತ್ತು. ಆದರೆ ಅದೇ ದಸ್ತರಖಾನದ ಸುತ್ತ ಅಮ್ಮಿ, ಆಪಾ, ಭಾಭಿ ಯಾವಾಗ ಕೂತರು? ಗಂಡಸರು ಕೈ ತೊಳೆದು ಹೊರಗೆ ಹೋದ ಮೇಲೆ. ಅದೂ ಒಳಗೆ, ಪಾತ್ರೆಯ ಸುತ್ತ. ಹಳೆಯ ಊಟವನ್ನು ನೆನೆದು ಕಣ್ಣೀರಿಡುವ ಗಂಡಸರು, ಅವರು ಯಾವ ಧರ್ಮದವರಾದರೂ, ಮೊದಲ ಪಂಕ್ತಿಯಲ್ಲಿ ಕೂತವರೇ ಆಗಿರುತ್ತಾರೆ.

ಈ ಶೈಲಿ ಎಲ್ಲಿಂದ ಬಂತೋ ಅಲ್ಲಿ ಅದಕ್ಕೊಂದು ನಿಜದ ನೆಲೆ ಇತ್ತೆಂಬುದನ್ನು ಒಪ್ಪಬೇಕು. ಅಮೆರಿಕದ ಒಕ್ಕಲು ಮನೆಗಳಲ್ಲಿ ಅಡುಗೆಮನೆಯ ಉದ್ದನೆಯ ಮೇಜು ಇದ್ದದ್ದು ಹೌದು. ಸುಗ್ಗಿಯ ದಿನ ಮುಯ್ಯಾಳುಗಳಾಗಿ ಬಂದ ನೆರೆಹೊರೆಯವರೂ ಕೂಲಿಗಳೂ ಆ ಮೇಜಿಗೆ ಬರುತ್ತಿದ್ದರು. ಅಲ್ಲಿಯೂ ಎಲ್ಲರೂ ಅಲ್ಲ. ಟೆಕ್ಸಾಸಿನಂತಹ ದಕ್ಷಿಣದ ಸೀಮೆಯಲ್ಲಿ 1865ರವರೆಗೆ ಗುಲಾಮಗಿರಿ ಇತ್ತು, ಆಮೇಲೂ ಕಪ್ಪುಜನರ ತಾಟು ಬೇರೆಯೇ ಇತ್ತು. ಅದೇ ಟೆಕ್ಸಾಸಿನ ವೇಕೋ ಊರಿನ ಚಿಪ್ ಮತ್ತು ಜೊಯಾನಾ ಗೇನ್ಸ್ ದಂಪತಿ 2013ರಲ್ಲಿ 'ಫಿಕ್ಸರ್ ಅಪ್ಪರ್' ಎಂಬ ಟಿವಿ ಕಾರ್ಯಕ್ರಮ ಶುರುಮಾಡಿ, ಹಳೆಯ ಮನೆಗಳನ್ನು ಕೆದಕಿ ಹೊಸದು ಮಾಡಿ ತೋರಿಸಿದರು. ಬಣ್ಣದ ಕಾಗದದ ಹಿಂದೆ ಅಡಗಿದ್ದ ಒರಟು ಹಲಗೆಗಳು, ಕೊಟ್ಟಿಗೆಯ ಜಾರುಬಾಗಿಲು, ಉದ್ದನೆಯ ಮೇಜು ಜಗತ್ತಿನ ಮಧ್ಯಮವರ್ಗಕ್ಕೆ ಮೋಡಿ ಹಾಕಿದವು. ಜಾಗತೀಕರಣವೆಂದರೆ ನಮ್ಮಲ್ಲಿ ಬರ್ಗರು ಬಂದದ್ದಷ್ಟೇ ಅಲ್ಲ. ನಮ್ಮ ಹಳ್ಳಿಯನ್ನು ನಾವು ಅಮೆರಿಕದ ಹಳ್ಳಿಯ ಕಣ್ಣಿನಿಂದ ನೋಡತೊಡಗಿದ್ದೂ ಹೌದು. ಇಲ್ಲವಾದರೆ ಕಡಪದ ಕಲ್ಲು ಹಾಸಿದ ನೆಲವನ್ನು ಕಿತ್ತು, ಮರದ ಹಲಗೆಯಂತೆ ಕಾಣುವ ಟೈಲ್ಸ್ ಹಾಕಿಸಿ ಅದನ್ನು 'ಹಳ್ಳಿ ಶೈಲಿ' ಎನ್ನುವವರು ನಮ್ಮಲ್ಲಿ ಹುಟ್ಟುತ್ತಿರಲಿಲ್ಲ.

ಉಳ್ಳವರು ಬಡವರ ಮನೆಯನ್ನು ಆಟಿಕೆ ಮಾಡಿಕೊಳ್ಳುವುದಕ್ಕೆ ಟಿವಿಗಿಂತ ಹಳೆಯ ಚರಿತ್ರೆಯಿದೆ. ಫ್ರಾನ್ಸಿನ ರಾಣಿ ಮರಿ ಆಂತ್ವಾನೆತ್ 1783ರಿಂದ ವರ್ಸೇಲ್ಸ್ ಅರಮನೆಯ ತೋಟದಲ್ಲಿ ತನಗಾಗಿ ಒಂದು ಪುಟ್ಟ ಹಳ್ಳಿಯನ್ನೇ ಕಟ್ಟಿಸಿದಳು. ರಿಷಾರ್ ಮಿಕ್ ಎಂಬ ವಾಸ್ತುಶಿಲ್ಪಿ ಹುಲ್ಲು ಹೊದಿಸಿದ ಮನೆಗಳನ್ನು ಕಟ್ಟಿ, ಹೊಸ ಗೋಡೆಗಳು ಹಳೆಯವಾಗಿ ಕಾಣಲೆಂದು ಅವುಗಳ ಮೇಲೆ ಬಿರುಕುಗಳ ಚಿತ್ರ ಬರೆಸಿದ. ಹೊರಗೆ ಗುಡಿಸಲು, ಒಳಗೆ ರಾಣಿವಾಸದ ಪೀಠೋಪಕರಣ. ಅದೇ ದಶಕದಲ್ಲಿ, 1787ರಲ್ಲಿ, ಟಿಪ್ಪುವಿಗೂ ಮರಾಠರಿಗೂ ನಡೆದ ಯುದ್ಧ ಗಜೇಂದ್ರಗಡದ ಒಪ್ಪಂದದಲ್ಲಿ ಮುಗಿಯಿತು. ಮರುವರ್ಷ ಟಿಪ್ಪುವಿನ ರಾಯಭಾರಿಗಳು ನೆರವು ಕೇಳಿಕೊಂಡು ಅದೇ ವರ್ಸೇಲ್ಸಿಗೆ ಹೋದರು. ಅದಾದ ಮರುವರ್ಷ ಫ್ರಾನ್ಸಿನಲ್ಲಿ ಕ್ರಾಂತಿಯಾಯಿತು. ಪ್ಯಾರಿಸ್ಸಿನ ಬಡ ಹೆಂಗಸರು ರೊಟ್ಟಿ ಕೇಳಿಕೊಂಡು ಅರಮನೆಗೆ ನುಗ್ಗಿದಾಗ ಚಿತ್ರದ ಬಿರುಕುಗಳು ಯಾರನ್ನೂ ಕಾಯಲಿಲ್ಲ.

ಅಷ್ಟು ದೂರ ಹೋಗುವುದೇಕೆ, ನಮ್ಮ ಗಾಲಿಯ ಕಥೆಯೇ ಸಾಕು. ಚಕ್ಕಡಿಯ ಗಾಲಿ ಎಂಬುದು ಬಡಿಗೇರ ಮತ್ತು ಕಮ್ಮಾರ ಕೂಡಿ ಮಾಡುವ ಕೆಲಸ. ಒಣಗಿಸಿ ಹದಗೊಂಡ ಜಾಲಿಯಂತಹ ಗಟ್ಟಿ ಕಟ್ಟಿಗೆಯಲ್ಲಿ ಗುಂಬ ತೋಡಿ, ಅದಕ್ಕೆ ಆರೆಕಾಲು ಕೂರಿಸಿ, ಸುತ್ತಲೂ ಬಾಗಿದ ತುಂಡುಗಳನ್ನು ಜೋಡಿಸಬೇಕು. ಆಮೇಲೆ ಕಬ್ಬಿಣದ ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಸಿ, ಅದು ಹಿಗ್ಗಿದಾಗ ಗಾಲಿಗೆ ತೊಡಿಸಿ, ತಕ್ಷಣ ನೀರು ಹೊಯ್ಯಬೇಕು. ಹಳಿ ಕುಗ್ಗಿ ಕಟ್ಟಿಗೆಯ ಎಲ್ಲ ಸಂದುಗಳನ್ನೂ ಬಿಗಿಯುತ್ತದೆ. ತುಸು ಸಡಿಲವಾದರೆ ಬೇಸಿಗೆಯಲ್ಲಿ ಕಳಚುತ್ತದೆ, ತುಸು ಹೆಚ್ಚು ಬಿಗಿಯಾದರೆ ಆರೆ ಸೀಳುತ್ತದೆ. ಅಳತೆಪಟ್ಟಿಯಿಲ್ಲದೆ ಈ ಲೆಕ್ಕ ಕೈಯಲ್ಲಿದ್ದವರಿಗೆ ಊರು ವರ್ಷಕ್ಕೊಮ್ಮೆ ಕಣದಲ್ಲಿ ಆಯ ಅಳೆಯುತ್ತಿತ್ತು. ಟ್ರ್ಯಾಕ್ಟರ್ ಬಂತು, ಟೈರಿನ ಗಾಡಿ ಬಂತು, ಮಳೆ ಕೈಕೊಟ್ಟ ವರ್ಷಗಳಲ್ಲಿ ಎತ್ತುಗಳು ಸಂತೆಗೆ ಹೋದವು. ಎತ್ತು ಹೋದ ಮೇಲೆ ಚಕ್ಕಡಿ ಮಳೆಗೆ ನೆನೆಯುತ್ತ ಹಿತ್ತಲಲ್ಲಿ ನಿಂತಿತು, ಕೊನೆಗೊಂದು ದಿನ ಗುಜರಿಯವನ ತಕ್ಕಡಿಗೆ ಬಂತು. ಆ ಗುಜರಿಯವನೂ ಎಷ್ಟೋ ಕಡೆ ನಮ್ಮವನೇ, ಸೈಕಲ್ಲಿನ ಹಿಂದೆ ಬುಟ್ಟಿ ಕಟ್ಟಿಕೊಂಡು ಊರೂರು ಸುತ್ತುವ ಬಡ ಮುಸಲ್ಮಾನ. ಅವನು ಕಟ್ಟಿಗೆಯ, ಕಬ್ಬಿಣದ ತೂಕಕ್ಕೆ ಕೊಂಡದ್ದು ಕೈಯಿಂದ ಕೈಗೆ ದಾಟಿ, ಎಣ್ಣೆ ಮೆತ್ತಿಸಿಕೊಂಡು, 'ಆಂಟಿಕ್' ಎಂಬ ಚೀಟಿ ಅಂಟಿಸಿಕೊಂಡು ನಗರದ ಅಂಗಡಿಯಲ್ಲಿ ನಿಲ್ಲುತ್ತದೆ. ಜೋಧಪುರ, ಕಾರೈಕುಡಿಗಳಲ್ಲಿ ಹಳೆಯ ಬಾಗಿಲು ಕಂಬಗಳ ಇಂಥ ವ್ಯಾಪಾರ ದೊಡ್ಡ ಪ್ರಮಾಣದಲ್ಲೇ ಬೆಳೆದಿದೆ.

1980ರ ಜುಲೈ 21ರಂದು ಇದೇ ಸೀಮೆಯ ನರಗುಂದ, ನವಲಗುಂದಗಳಲ್ಲಿ ಮಲಪ್ರಭೆಯ ನೀರಿನ ಹೆಸರಿನಲ್ಲಿ ಹೇರಿದ ಕರವನ್ನು ವಿರೋಧಿಸಿ ರೈತರು ಬೀದಿಗಿಳಿದರು, ಗುಂಡಿಗೆ ಬಲಿಯಾದರು. ಕರ್ನಾಟಕದ ರೈತ ಚಳವಳಿಗೆ ತಿರುವು ಕೊಟ್ಟ ದಿನವದು. ಆ ರೈತ ಯಾವ ಊಟದ ಕೋಣೆಯ ಗೋಡೆಯ ಮೇಲೂ ಬರುವುದಿಲ್ಲ, ಅವನ ಗಾಲಿ ಮಾತ್ರ ಬರುತ್ತದೆ.

ಇನ್ನೊಂದು ವಿಪರ್ಯಾಸವನ್ನು ಹೇಳದಿದ್ದರೆ ಈ ಚಿತ್ರ ಪೂರ್ತಿಯಾಗದು. ಗದಗ, ಕೊಪ್ಪಳ, ಬಾಗಲಕೋಟೆ ಜಿಲ್ಲೆಗಳಿಂದ ಪ್ರತಿವರ್ಷ ಜನ ಗುಳೆ ಹೋಗುತ್ತಾರೆ. ಗೋವಾ, ಮಂಗಳೂರು, ಉಡುಪಿ, ಬೆಂಗಳೂರುಗಳಲ್ಲಿ ಕಟ್ಟಡದ ಕೆಲಸಕ್ಕೆ ನಿಲ್ಲುತ್ತಾರೆ. ಗಿಲಾವಿಲ್ಲದ ಇಟ್ಟಿಗೆಯ ಗೋಡೆಯನ್ನು ನಯವಾಗಿ ಏರಿಸುವವರು, ಹೊಸ ಸಿಮೆಂಟಿಗೆ ಮಣ್ಣಿನ ಬಣ್ಣ ಬಳಿಯುವವರು ಅವರೇ. ಅವರು ಬಿಟ್ಟುಬಂದ ಮೇಲ್ಮುದ್ದೆಯ ಮನೆ ನಾಲ್ಕು ಮಳೆಗಾಲ ಮಣ್ಣು ಹಾಕುವವರಿಲ್ಲದೆ ಕುಸಿದಿರುತ್ತದೆ. ಅದರದೇ ನಕಲನ್ನು ಅವರು ಇನ್ನೊಬ್ಬರಿಗೆ ಕಟ್ಟಿಕೊಡುತ್ತಾರೆ. ಮಧ್ಯಾಹ್ನ ಅವರ ಊಟ ಅದೇ ಕೆಲಸದ ಜಾಗದ ಮೂಲೆಯಲ್ಲಿ, ಸಿಮೆಂಟಿನ ಚೀಲ ಹಾಸಿಕೊಂಡು. ಮನೆ ಮುಗಿದು ಗೃಹಪ್ರವೇಶವಾದ ಮೇಲೆ ಆ ಕೋಣೆಯಲ್ಲಿ ಅವರಿಗೆ ಕುರ್ಚಿ ಎಳೆಯುವವರಿಲ್ಲ.

ಹಾಗೆಂದು ಹಳೆಯದನ್ನು ಎತ್ತಿಟ್ಟುಕೊಳ್ಳುವುದೆಲ್ಲ ತಪ್ಪು ಎಂದು ನಮ್ಮ ವಾದವಲ್ಲ. ಎತ್ತಿಡುವವರ ಗೌರವದ ಪ್ರಮಾಣದಲ್ಲಿ ವ್ಯತ್ಯಾಸವಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲಿದ್ದ ಮನೆಗಳನ್ನು ಒಂದೊಂದೇ ತೊಲೆ ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದರು. ಗಜೇಂದ್ರಗಡಕ್ಕೆ ಹತ್ತಿರದ ಕುಕನೂರಿನ ಕಮಲ ಮಹಲು ಈಗ ಅಲ್ಲಿದೆ. ಚೆನ್ನೈ ಬಳಿಯ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರ ವಸ್ತುಸಂಗ್ರಹಾಲಯದಲ್ಲಿ ಇಳಕಲ್ಲಿನ ನೇಕಾರನೊಬ್ಬನ ಮನೆ ನಿಂತಿದೆ. ಗಜೇಂದ್ರಗಡದವರಿಗೆ ಇಳಕಲ್ಲು ನೆರೆಯೂರು. ಅದರ ಮನೆ ನೋಡಲು ಸಮುದ್ರದ ದಂಡೆಗೆ ಹೋಗಬೇಕಾದ್ದು ದುಃಖದ ಮಾತು. ಆದರೂ ಅಲ್ಲಿ ಮನೆ ಮನೆಯಾಗಿ ಉಳಿದಿದೆ. ಮಗ್ಗ ಎಲ್ಲಿತ್ತು, ಒಲೆ ಎಲ್ಲಿತ್ತು ಎಂದು ನೋಡುಗನಿಗೆ ತಿಳಿಯುತ್ತದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿನ ದಾರಿ ಬೇರೆ. ಅಲ್ಲಿ ಹಳೆಯ ವಸ್ತುಗಳಿಗಿಂತ ಹೆಚ್ಚಾಗಿ ಸಿಮೆಂಟಿನಲ್ಲಿ ಮಾಡಿದ ಹಳ್ಳಿಗರಿದ್ದಾರೆ. ಅದರ ಸಾಲುಸಾಲು ಪ್ರತಿಮೆಗಳ ಬಗ್ಗೆ ಕಲಾವಿಮರ್ಶಕರು ಏನಾದರೂ ಹೇಳಲಿ, ಗಾಲಿಯ ಪಕ್ಕದಲ್ಲಿ ಗಾಲಿ ಮಾಡುವವನನ್ನೂ ಕೂರಿಸುವ ಪ್ರಾಮಾಣಿಕತೆ ಅಲ್ಲಿದೆ. ಊಟದ ಕೋಣೆಯ ಸಿಂಗಾರ ಮನುಷ್ಯನನ್ನು ಕಳೆದು ಸಾಮಾನನ್ನು ಮಾತ್ರ ಇಟ್ಟುಕೊಳ್ಳುತ್ತದೆ.

ಹಳ್ಳಿಯ ರುಚಿಯನ್ನು ಅಲಂಕಾರವಿಲ್ಲದೆ ಉಳಿಸಿಕೊಂಡ ಒಂದು ಸಂಸ್ಥೆ ಮಾತ್ರ ಉತ್ತರ ಕರ್ನಾಟಕದಲ್ಲಿ ಬಹಳ ಕಾಲದಿಂದ ಇದೆ. ಅದು ಖಾನಾವಳಿ. ಸನ್‌ಮೈಕಾ ಹೊದಿಸಿದ ಮೇಜು, ಸ್ಟೀಲಿನ ತಾಟು, ಗೋಡೆಯ ಮೇಲೆ ಯಾವುದೋ ಅಂಗಡಿಯ ಕ್ಯಾಲೆಂಡರು, ಮೂಲೆಯಲ್ಲಿ ಕೈತೊಳೆಯುವ ನಳ. ತಾಟಿಗೆ ಬೀಳುವುದು ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು, ಶೇಂಗಾ ಚಟ್ನಿ, ಕೆಂಪು ಹಿಂಡಿ, ಹಸಿ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ, ಮೊಸರು. ರೊಟ್ಟಿ ಬಡಿಯುವ ಸಪ್ಪಳ ಒಳಗಿನಿಂದ ಕೇಳುತ್ತಲೇ ಇರುತ್ತದೆ. ಸಾವಜಿ ಖಾನಾವಳಿಯಾದರೆ ಖಾರದ ಮಟನ್ನು. 'ಇದು ಹಳ್ಳಿ' ಎಂದು ಯಾವ ಗೋಡೆಯೂ ಸಾರುವುದಿಲ್ಲ, ಸಾರುವ ಅಗತ್ಯವೂ ಇಲ್ಲ. ಖಾನಾವಳಿಯೂ ಜಾತಿಯ ಹೆಸರು ಹೊತ್ತುಕೊಂಡೇ ಹುಟ್ಟಿತು, ಅದರ ಬೋರ್ಡುಗಳನ್ನು ನೋಡಿದರೆ ಗೊತ್ತಾಗುತ್ತದೆ. ಆದರೂ ದುಡ್ಡು ಕೊಟ್ಟವನಿಗೆ ಮೇಜು ಎಂಬ ವ್ಯಾಪಾರದ ನಿಯಮ ಕ್ರಮೇಣ ಮೇಲುಗೈ ಪಡೆಯಿತು. ಕೊಲ್ಲಾಪುರದ ಶಾಹು ಮಹಾರಾಜರು ಗಂಗಾರಾಮ ಕಾಂಬಳೆ ಎಂಬ ದಲಿತರ ಚಹದಂಗಡಿಯಲ್ಲಿ ಕೂತು ಚಹ ಕುಡಿದದ್ದು ಇಂದಿಗೂ ಮಾತಾಗಿ ಉಳಿದಿದೆಯೆಂದರೆ, ಅಂಗಡಿಯ ಬೆಂಚಿಗೆ ಎಂಥ ತೂಕವಿತ್ತೆಂದು ಊಹಿಸಬಹುದು.

ಈ ಕಾರಣಕ್ಕೇ ನಮಗೆ ಊಟದ ಮೇಜಿನ ಬಗ್ಗೆ ತಕರಾರಿಲ್ಲ. ಹಳೆಯ ಕಾಲದ ಹಿರಿಯರು 'ಸಾಹೇಬರ ಚಾಳಿ' ಎಂದು ಅದನ್ನು ಬೈದದ್ದುಂಟು. ನೆಲದ ಮೇಲೆ ಕೂತು ಉಣ್ಣುವುದರ ಆರೋಗ್ಯ, ವಿನಯಗಳ ಬಗ್ಗೆ ಈಗಲೂ ಉಪದೇಶ ಕೇಳಿಬರುತ್ತದೆ. ಆದರೆ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಹೆಂಗಸು ಗಂಡಸಿನ ಜೊತೆ, ಅದೇ ಹೊತ್ತಿಗೆ, ಅವನಷ್ಟೇ ಎತ್ತರದಲ್ಲಿ ಕೂತು ಉಂಡದ್ದು ಹೆಚ್ಚಾಗಿ ಈ ನಾಲ್ಕು ಕಾಲಿನ ಸಾಮಾನು ಬಂದ ಮೇಲೆಯೇ. ಪಾತ್ರೆಗಳೆಲ್ಲ ನಡುವೆ ಬಂದು ಕೂತವು. ಬಡಿಸಲು ಒಬ್ಬಳು ನಿಂತೇ ಇರಬೇಕೆಂಬ ಕಟ್ಟಳೆ ಸಡಿಲಾಯಿತು. ಮಂಡಿನೋವಿನ ಅಜ್ಜಿಗೂ ಒಂದು ಕುರ್ಚಿ ಸಿಕ್ಕಿತು. ಹಾಗಾಗಿ ಗೀರು ಬಿದ್ದಂತೆ ನಟಿಸುವ ಮೇಜಿಗಿಂತ ದಿನವೂ ಮಕ್ಕಳು ಕಂಪಾಸಿನಿಂದ ಗೀರಿ, ಬಿಸಿಪಾತ್ರೆ ಇಟ್ಟು ಕಲೆ ಮಾಡಿದ ಅಗ್ಗದ ಮೇಜು ನಮಗೆ ಚೆಂದವಾಗಿ ಕಾಣುತ್ತದೆ. ಅದರ ಹಳತನ ಸ್ವಂತದ್ದು.

ಮನೆಯಲ್ಲಿ ಈ ಸೀಮೆಯ ಗುರುತು ಬೇಕೆನ್ನುವವರಿಗೆ ಏನೂ ಉಳಿದಿಲ್ಲವೆಂದಲ್ಲ. ಗಜೇಂದ್ರಗಡದ ಪಟ್ಟೇದಂಚು ಸೀರೆಯನ್ನೇ ನೋಡಿ. ದುಡಿಯುವ ಹೆಂಗಸರು ಉಡುತ್ತಿದ್ದ, ದಪ್ಪ ಹತ್ತಿ ನೂಲಿನ, ಅಗಲ ಅಂಚಿನ ಸೀರೆಯದು. ಮಗ್ಗದಿಂದ ಬಹುತೇಕ ಮರೆಯಾಗಿದ್ದ ಅದನ್ನು ಹೇಮಲತಾ ಜೈನ್ ಅವರು ಹಳೆಯ ಮಾದರಿ ಹುಡುಕಿ ನೇಕಾರರಿಂದ ಮತ್ತೆ ನೇಯಿಸಿದರು. ಈಗ ಅದು ನಗರದ ಓದುಬರಹದ ಹೆಂಗಸರ ಮೈಮೇಲಿದೆ. ಇದೂ ಫ್ಯಾಷನ್ನೇ, ಇದಕ್ಕೂ ಹಳ್ಳಿಯ ಹೆಸರಿನ ಮೋಡಿ ಅಂಟಿದೆ. ಆದರೆ ಒಂದು ಸೀರೆ ಮಾರಾಟವಾದರೆ ಇನ್ನೊಂದು ಸೀರೆಗೆ ಮಗ್ಗದ ಮೇಲೆ ಹಾಸು ಏರುತ್ತದೆ, ನೇಕಾರನ ಮನೆಗೆ ವಾರದ ಕೂಲಿ ಬರುತ್ತದೆ. ಗಾಲಿಯ ವ್ಯಾಪಾರ ಹಾಗಲ್ಲ. ಎಷ್ಟು ಗಾಲಿ ಗೋಡೆಗೇರಿದರೂ ಒಬ್ಬ ಬಡಿಗೇರನ ಉಳಿಯೂ ಮಸೆಯುವುದಿಲ್ಲ.

ನವಲಗುಂದದ ಜಮಖಾನದ್ದು ಇನ್ನೂ ಹತ್ತಿರದ ಕಥೆ. ಆದಿಲಶಾಹಿ ಬಿಜಾಪುರದಿಂದ ವಲಸೆ ಬಂದ ಕುಟುಂಬಗಳು ತಂದ ಕಸುಬೆಂದು ಹೇಳುವ ಇದನ್ನು ಆ ಊರಿನ ಮುಸ್ಲಿಂ ಹೆಂಗಸರೇ ನಿಲುವು ಮಗ್ಗದಲ್ಲಿ ನೇಯುತ್ತ ಬಂದವರು. ಪಗಡೆಯ ಹಾಸು, ನವಿಲುಗಳ ಚಿತ್ತಾರ, ಗಾಢವಾದ ಕೆಂಪು ಹಳದಿ ಬಣ್ಣಗಳು. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಾನ್ಯತೆಯ ಕಾಗದ ಬಂದರೂ ನೇಯುವ ಕೈಗಳು ಕಡಿಮೆಯಾಗುತ್ತಲೇ ಹೋದವು. ಒಂದು ಜಮಖಾನಕ್ಕೆ ದಿನಗಟ್ಟಲೆ ಬೆನ್ನು ಬಾಗಿಸಿದವಳಿಗೆ ಸಿಗುವ ದುಡ್ಡು ಬೇರೆ ಕೂಲಿಗಿಂತ ಹೆಚ್ಚಿಲ್ಲವಾದಾಗ ಮಗಳಿಗೆ ಅದನ್ನು ಕಲಿಸುವ ಹುರುಪು ತಾಯಿಗಾದರೂ ಎಲ್ಲಿಂದ ಬರಬೇಕು? ವಿಲಾಯತಿಯಿಂದ ತರಿಸಿದ ಗೋಣಿನಾರಿನ ಚಾಪೆಗೆ ಹೇಳಿದ ದರ ಕೊಡುವವರು ಜಮಖಾನದ ಮುಂದೆ ಚೌಕಾಶಿಗೆ ನಿಲ್ಲುತ್ತಾರೆ. ಕೊಂಡವರು ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕದೆ ನೆಲಕ್ಕೆ ಹಾಸಲಿ, ಅದರ ಮೇಲೆ ಮನೆಯವರೆಲ್ಲ, ಕೆಲಸಕ್ಕೆ ಬರುವವಳೂ ಸೇರಿದಂತೆ, ಒಂದೇ ಹೊತ್ತಿಗೆ ಕೂತು ಉಣ್ಣಲಿ. ಸಾರು ಚೆಲ್ಲಿದರೆ ಚೆಲ್ಲಲಿ. ತೊಳೆದು ಬಿಸಿಲಿಗೆ ಹಾಕುವ ಹಾಗೆಯೇ ಅದನ್ನು ನೇಯ್ದಿರುತ್ತಾರೆ.

ಹಳೆಯ ಮನೆಯಲ್ಲಿದ್ದ ಒಂದು ಸಂಗತಿಯನ್ನು ಮಾತ್ರ ಯಾವ ವಿನ್ಯಾಸಕಾರರೂ ತಂದದ್ದನ್ನು ನಾವು ಕಂಡಿಲ್ಲ. ಅದು ಬೆಳಕಿಂಡಿ. ಮೇಲ್ಮುದ್ದೆಯ ನಡುವೆ ಬಿಡುತ್ತಿದ್ದ ಸಣ್ಣ ತೂತಿನಿಂದ ಬಿಸಿಲಿನ ಕೋಲೊಂದು ಅಡುಗೆಮನೆಯ ನೆಲಕ್ಕೆ ಇಳಿಯುತ್ತಿತ್ತು, ಒಲೆಯ ಹೊಗೆ ಅದರೊಳಗಿಂದ ಹಾದು ಹೊರಬೀಳುತ್ತಿತ್ತು. ಬಿಸಿಲಿನ ಕೋಲು ಎಲ್ಲಿಗೆ ಬಂತೆಂದು ನೋಡಿ ಹೆಂಗಸರು ಹೊಲಕ್ಕೆ ಬುತ್ತಿ ಕಟ್ಟುವ ಹೊತ್ತು ಅಳೆಯುತ್ತಿದ್ದರು. ಇದನ್ನು ಅಂಗಡಿಯಲ್ಲಿ ಕೊಳ್ಳಲು ಬರುವುದಿಲ್ಲ, ಹಳತು ಮಾಡಲು ಬರುವುದಿಲ್ಲ, ಗುಜರಿಗೆ ಹಾಕಲೂ ಬರುವುದಿಲ್ಲ. ಸ್ಲ್ಯಾಬು ಹಾಕುವ ಮೊದಲೇ ಮೇಸ್ತ್ರಿಗೆ ಹೇಳಿ, ಅಡುಗೆ ಮಾಡುವವಳು ಎಲ್ಲಿ ನಿಲ್ಲುತ್ತಾಳೋ ಅದರ ನೆತ್ತಿಗೆ ಒಂದು ಕಿಂಡಿ ಬಿಡಿಸಿದರೆ ಆಯಿತು. ಹಿಂದೆ ಮಳೆ ಬಂದರೆ ಯಾರಾದರೂ ಮಾಳಿಗೆ ಹತ್ತಿ ಅದನ್ನು ಮುಚ್ಚಿ ಬರಬೇಕಾಗುತ್ತಿತ್ತು. ಈಗ ಮೇಲೊಂದು ಗಾಜು ಕೂರಿಸಬಹುದು.